ಹಳೆ ಆಫೀಸ್ ಟವರ್‌ನಿಂದ ಗೇಮ್ ಕಟ್ಟುವ ಡೆಸ್ಕ್‌ಟಾಪ್: ದಾವಣಗೆರೆಯ ಧೂಳು, ಕರೆಂಟ್ ಲೆಕ್ಕ ಸಹಿತ

ಹವ್ಯಾಸಕ್ಕೆ ಗೇಮ್ ಕಟ್ಟಬೇಕೆಂದು ಡೆಸ್ಕ್‌ಟಾಪ್ ಹುಡುಕುವವರು ಮೊದಲು ಕೇಳುವುದು ಗ್ರಾಫಿಕ್ಸ್ ಕಾರ್ಡ್ ಯಾವುದು ಅಂತ. ದಾವಣಗೆರೆಯಲ್ಲಿ ಮೊದಲು ನೋಡಬೇಕಾದದ್ದು ಮನೆಯ ಪ್ಲಗ್ ಪಾಯಿಂಟ್‌ಗೆ ಅರ್ಥಿಂಗ್ ಸರಿಯಾಗಿದೆಯಾ ಅಂತ. ಈ ಲಾಗ್ ಸಾಗುವುದು ಆ ಕ್ರಮದಲ್ಲೇ. ಕಂಪನಿಗಳಿಂದ ಹೊರಬಂದ ಆಫೀಸ್ ಟವರ್, ಅದಕ್ಕೆ ರ‍್ಯಾಮ್, ಎಸ್‌ಎಸ್‌ಡಿ, ಯುಪಿಎಸ್. ಕಾರ್ಡ್ ಕಟ್ಟಕಡೆಗೆ, ಅದೂ ಬೇಕೆನಿಸಿದರೆ. ಸಾಫ್ಟ್‌ವೇರ್: ಆಟ ಕಟ್ಟಲು ಗೋಡೋ 4, 3ಡಿ ಮಾದರಿಗೆ ಬ್ಲೆಂಡರ್, ಚಿತ್ರ ಬರೆಯಲು ಕ್ರಿಟಾ, ಮೂರೂ ಉಚಿತ. ಅನ್‌ರಿಯಲ್ 5 ಎಂಬ ಭಾರಿ ಗೇಮ್ ಎಂಜಿನ್‌ನಲ್ಲೇ ಮಾಡಬೇಕೆನ್ನುವವರಿಗೆ ಈ ಯಂತ್ರ ಸಾಲದು. ಅದಕ್ಕೆ 32 ಜಿಬಿ ರ‍್ಯಾಮ್, 8 ಜಿಬಿ ವಿಡಿಯೋ ಮೆಮೊರಿ ಎಂದು ತಯಾರಕರೇ ಹೇಳುತ್ತಾರೆ.

ಯಾವ ಟವರ್

ಎಂಟನೇ ತಲೆಮಾರಿನ ಇಂಟೆಲ್‌ಗಿಂತ ಹಳೆಯದನ್ನು ಮುಟ್ಟಬೇಡಿ. ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಇಂಟೆಲ್‌ನಲ್ಲಿ ಅಧಿಕೃತವಾಗಿ ಸಿಗುವುದು ಹೆಚ್ಚುಕಡಿಮೆ ಎಂಟನೇ ತಲೆಮಾರಿನಿಂದ ಮೇಲಕ್ಕೆ, ಅದೂ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇದ್ದರೆ. ಲಿನಕ್ಸ್ ಹಾಕುವವರಿಗೆ ಈ ತೊಡಕಿಲ್ಲ, ಆದರೂ ಕೋರ್ ಲೆಕ್ಕ ಇದ್ದೇ ಇದೆ. ಐ5-6500, ಐ5-7500ರಲ್ಲಿ ನಾಲ್ಕು ಕೋರ್, ಐ5-8500ರಲ್ಲಿ ಆರು. ಬ್ಲೆಂಡರ್ ಪ್ರೊಸೆಸರ್ ಮೇಲೆ ರೆಂಡರ್ ಮಾಡುವಾಗ ಆ ಎರಡು ಕೋರ್ ಕಣ್ಣಿಗೆ ಕಾಣುವಷ್ಟು ಸಮಯ ಉಳಿಸುತ್ತವೆ.

ಈ ಲಾಗ್‌ನ ಯಂತ್ರ ಡೆಲ್ ಆಪ್ಟಿಪ್ಲೆಕ್ಸ್ 7060 ಟವರ್, ಐ5-8500. ಎಚ್‌ಪಿ ಎಲೀಟ್‌ಡೆಸ್ಕ್ 800 ಜಿ4, ಲೆನೊವೊ ಥಿಂಕ್‌ಸೆಂಟರ್ ಎಂ920ಟಿ ಅದೇ ಕಾಲದವು, ಅದೇ ದರ್ಜೆಯವು. ಯಾವುದು ಚೊಕ್ಕವಾಗಿ ಸಿಗುತ್ತದೋ ಅದನ್ನು ತೆಗೆದುಕೊಳ್ಳಿ. ಆದರೆ ಪೂರ್ತಿ ಎತ್ತರದ ಟವರೇ ಆಗಲಿ. ಅಂಗಡಿಯಲ್ಲಿ ಸಾವಿರ, ಎರಡು ಸಾವಿರ ಕಡಿಮೆಗೆ ಸಣ್ಣ ಪೆಟ್ಟಿಗೆ ತೋರಿಸುತ್ತಾರೆ. ಅದಕ್ಕೆ ಅರ್ಧ ಎತ್ತರದ ಕಾರ್ಡ್ ಮಾತ್ರ ಕೂರುತ್ತದೆ, ಆ ಕಾರ್ಡ್‌ಗಳು ಸೆಕೆಂಡ್ ಹ್ಯಾಂಡ್‌ನಲ್ಲಿ ಅಪರೂಪ, ಸಿಕ್ಕರೂ ದುಬಾರಿ. ಇಂದು ಉಳಿಸಿದ್ದು ನಾಳೆ ದುಪ್ಪಟ್ಟಾಗಿ ಹೋಗುತ್ತದೆ. ಅಂಗೈಯಗಲದ ಮಿನಿ ಡೆಸ್ಕ್‌ಟಾಪ್‌ಗಳಿಗಂತೂ ಸಾಮಾನ್ಯವಾಗಿ ಕಾರ್ಡ್ ಸ್ಲಾಟೇ ಇರುವುದಿಲ್ಲ.

ಒಟ್ಟು 30,000 ರೂಪಾಯಿ ಮಿತಿ ಇಟ್ಟುಕೊಂಡರೆ ಅದರ ಅರ್ಧ ಟವರ್‌ಗೆ. ಉಳಿದರ್ಧದಲ್ಲಿ ಯುಪಿಎಸ್, ಎಸ್‌ಎಸ್‌ಡಿ, ಹಳೆ ಮಾನಿಟರ್, ಈ ಸಾಲಿನಲ್ಲಿ. ರ‍್ಯಾಮ್ ಬೆಲೆ 2025ರ ಕೊನೆಯಿಂದ ಜೋರಾಗಿ ಏರಿದೆ. ಹಾಗಾಗಿ 8 ಜಿಬಿಯ ಯಂತ್ರ ತಂದು ಆಮೇಲೆ ಏರಿಸೋಣ ಅನ್ನುವ ಹಳೆ ಲೆಕ್ಕ ಈಗ ಕೂಡಿಬರುವುದಿಲ್ಲ. 16 ಜಿಬಿ ಇರುವ ಟವರ್‌ಗೆ ಅಂಗಡಿಯವರು ಎಷ್ಟು ಹೆಚ್ಚು ಕೇಳುತ್ತಾರೆ, ಬಿಡಿಯಾಗಿ ಕಡ್ಡಿ ತಂದರೆ ಎಷ್ಟಾಗುತ್ತದೆ, ಎರಡನ್ನೂ ಅಲ್ಲೇ ಕೂಡಿ ನೋಡಿ.

ಅಂಗಡಿಯಲ್ಲಿ ಅರ್ಧ ಗಂಟೆ

ಎರಡು ಪೆನ್‌ಡ್ರೈವ್ ಒಯ್ಯಿರಿ: ಒಂದರಲ್ಲಿ ಲೈವ್ ಲಿನಕ್ಸ್ (ಡಿಸ್ಕ್‌ಗೆ ಹಾಕದೇ ಪೆನ್‌ಡ್ರೈವ್‌ನಿಂದಲೇ ಓಡುವುದು), ಇನ್ನೊಂದರಲ್ಲಿ ವಿಂಡೋಸ್ 11 ಇನ್‌ಸ್ಟಾಲರ್. ಡೆಲ್‌ನಲ್ಲಿ ಎಫ್2 ಒತ್ತಿದರೆ ಬಯಾಸ್ (ಯಂತ್ರದ ಮೂಲ ಸೆಟ್ಟಿಂಗ್ ಪುಟ), ಎಫ್12 ಬೂಟ್ ಮೆನು (ಯಾವ ಡ್ರೈವ್‌ನಿಂದ ಶುರುವಾಗಬೇಕೆಂದು ಆರಿಸುವ ಪಟ್ಟಿ). ಎಚ್‌ಪಿಯಲ್ಲಿ ಎಫ್10, ಎಫ್9. ಲೆನೊವೊದಲ್ಲಿ ಎಫ್1, ಎಫ್12.

ಬಯಾಸ್ ಪಾಸ್‌ವರ್ಡ್ ಕೇಳಿದರೆ ಅಲ್ಲೇ ನಿಲ್ಲಿ. ಕಂಪನಿಯವರು ಹಾಕಿದ್ದು ಅಂಗಡಿಯವರಿಗೂ ಗೊತ್ತಿರುವುದಿಲ್ಲ, "ಆಮೇಲೆ ತೆಗೆದುಕೊಡ್ತೀವಿ" ಅನ್ನುವ ಮಾತಿನ ಮೇಲೆ ದುಡ್ಡು ಕೊಡಬೇಡಿ. ಇದಕ್ಕಿಂತ ಗುಟ್ಟಾಗಿ ಕೂತಿರುವ ಬೀಗ ಇನ್ನೊಂದಿದೆ. ದೊಡ್ಡ ಕಂಪನಿಗಳು ಯಂತ್ರದ ಗುರುತನ್ನು ಮೈಕ್ರೋಸಾಫ್ಟ್‌ನ ಆಟೋಪೈಲಟ್ ಎಂಬ ಸೇವೆಯಲ್ಲಿ ನೋಂದಾಯಿಸಿರುತ್ತವೆ. ಅದನ್ನು ತೆಗೆಸದೇ ಮಾರಿಬಿಟ್ಟಿದ್ದರೆ, ನೀವು ವಿಂಡೋಸ್ ಹೊಸದಾಗಿ ಹಾಕಿ ಇಂಟರ್ನೆಟ್ ಜೋಡಿಸಿದ ಕೂಡಲೇ ಆ ಕಂಪನಿಯ ಹೆಸರು, ಲಾಗಿನ್ ಪರದೆ ಬರುತ್ತದೆ. ಡಿಸ್ಕ್ ಬದಲಿಸಿದರೂ ಹೋಗುವುದಿಲ್ಲ, ಏಕೆಂದರೆ ಆ ಗುರುತು ಹಾರ್ಡ್‌ವೇರ್‌ನದ್ದು. ಅದಕ್ಕೇ ಅಂಗಡಿಯಲ್ಲೇ ಫೋನ್‌ನ ಹಾಟ್‌ಸ್ಪಾಟ್ ಕೊಟ್ಟು ಹೊಸ ಸೆಟಪ್ ಪರದೆಯವರೆಗೆ ಹೋಗಿ ನೋಡಬೇಕು. ಟವರ್‌ಗೆ ವೈಫೈ ಇಲ್ಲದಿದ್ದರೆ ಫೋನನ್ನು ಯುಎಸ್‌ಬಿ ಕೇಬಲ್‌ನಿಂದ ಜೋಡಿಸಿ ಟೆದರಿಂಗ್ ಆನ್ ಮಾಡಿದರೆ ಸಾಕು.

ಡಿಸ್ಕ್ ಜೊತೆಗೇ ಕೊಡುತ್ತಿದ್ದರೆ ಅದರ ಸ್ಮಾರ್ಟ್ ವಿವರ, ಅಂದರೆ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಟ್ಟುಕೊಳ್ಳುವ ಲೆಕ್ಕ, ತೆರೆಯಿರಿ. ಹಾರ್ಡ್‌ಡಿಸ್ಕ್‌ನಲ್ಲಿ ರೀಅಲೊಕೇಟೆಡ್ ಸೆಕ್ಟರ್ (ಕೆಟ್ಟು ಬದಲಿಸಿದ ಜಾಗ), ಪೆಂಡಿಂಗ್ ಸೆಕ್ಟರ್ (ಓದಲು ತಡವರಿಸುವ ಜಾಗ) ಎರಡೂ ಸೊನ್ನೆ ಇರಬೇಕು. ಪೆಂಡಿಂಗ್‌ನಲ್ಲಿ ಒಂದಂಕಿ ಇದ್ದರೂ ಆ ಡಿಸ್ಕ್‌ಗೆ ಬೆಲೆ ಕಟ್ಟಬೇಡಿ. ವಿಂಡೋಸ್ ಲೈಸೆನ್ಸ್ ವಿಷಯ: ಇಂಥ ಯಂತ್ರಗಳ ಬೋರ್ಡ್‌ನಲ್ಲೇ ಸಾಮಾನ್ಯವಾಗಿ ಪ್ರೊ ಆವೃತ್ತಿಯ ಕೀ ಇರುತ್ತದೆ, ಹೊಸದಾಗಿ ಹಾಕಿದಾಗ ತಾನಾಗಿ ಆಕ್ಟಿವೇಟ್ ಆಗುತ್ತದೆ. ಆಗದಿದ್ದರೆ ಅಂಗಡಿಯವರ ಆಕ್ಟಿವೇಟರ್ ಬೇಡ. ಅಂಥವುಗಳ ಜೊತೆ ಮಾಲ್‌ವೇರ್ ಬರುವುದು ಮಾಮೂಲು, ನಿಮ್ಮ ಗೇಮ್‌ನ ಸೈನಿಂಗ್ ಕೀ (ಗೇಮ್ ನಿಮ್ಮದೇ ಎಂದು ತೋರಿಸುವ ಗುಟ್ಟಿನ ಫೈಲ್) ಇರುವ ಯಂತ್ರಕ್ಕೆ ಅದನ್ನು ಬಿಟ್ಟುಕೊಳ್ಳಬಾರದು.

ಬೆಂಗಳೂರಿನ ಕಂಪ್ಯೂಟರ್ ಪೇಟೆ ಎಸ್‌ಪಿ ರೋಡ್‌ನಿಂದ ತರುವುದಾದರೆ ಸುಮಾರು 260 ಕಿಲೋಮೀಟರ್ ಬಸ್ಸಿನ ಅಲುಗಾಟ ಲೆಕ್ಕಕ್ಕೆ ಹಿಡಿಯಿರಿ. ಕಾರ್ಡ್, ಹಾರ್ಡ್‌ಡಿಸ್ಕ್ ಬಿಚ್ಚಿ ಬಟ್ಟೆಯಲ್ಲಿ ಸುತ್ತಿ ಬೇರೆ ಇಡಿ. ಟವರನ್ನು ಮದರ್‌ಬೋರ್ಡ್ ಕೆಳಗೆ ಬರುವಂತೆ ಮಲಗಿಸಿ. ಮನೆಗೆ ಬಂದ ಮೇಲೆ ಡಿಸ್‌ಪ್ಲೇ ಬರದಿದ್ದರೆ ಗಾಬರಿ ಬೇಡ, ರ‍್ಯಾಮ್ ಕಡ್ಡಿಗಳನ್ನು ತೆಗೆದು ಮತ್ತೆ ಕೂರಿಸಿ. ಬಹುಪಾಲು ಅಲ್ಲಿಗೇ ಸರಿಹೋಗುತ್ತದೆ.

ಮೊದಲು ಪ್ಲಗ್ ಪಾಯಿಂಟ್

ಟವರ್ ಹಚ್ಚುವ ಮುಂಚೆ ಮಲ್ಟಿಮೀಟರನ್ನು ಎಸಿ 750 ಅಥವಾ 600 ವೋಲ್ಟ್‌ಗೆ ಇಟ್ಟು ಮೂರು ಅಳತೆ ತೆಗೆಯಿರಿ. ಫೇಸ್–ನ್ಯೂಟ್ರಲ್ ನಡುವೆ 230ರ ಆಸುಪಾಸು. ಫೇಸ್–ಅರ್ಥ್ ನಡುವೆಯೂ ಹೆಚ್ಚುಕಡಿಮೆ ಅಷ್ಟೇ. ನ್ಯೂಟ್ರಲ್–ಅರ್ಥ್ ನಡುವೆ ಎರಡು ಮೂರು ವೋಲ್ಟ್ ದಾಟಬಾರದು. ಈ ಮೂರನೆಯದು ಹತ್ತು, ಇಪ್ಪತ್ತು ತೋರಿಸಿದರೆ ಅರ್ಥಿಂಗ್ ಒಣಗಿದೆ ಅಥವಾ ನ್ಯೂಟ್ರಲ್ ಎಲ್ಲೋ ಸಡಿಲಾಗಿದೆ. ಫೇಸ್–ಅರ್ಥ್ ನಡುವೆ ನೂರರ ಸುತ್ತ ಅಲ್ಲಾಡುವ ಅಂಕಿ ಬಂದರೆ ಅರ್ಥ್ ತಂತಿಯೇ ಇಲ್ಲ. ಟವರ್‌ನ ಮೈ ಮುಟ್ಟಿದಾಗ ಚುರುಗುಟ್ಟುವುದು ಇದರಿಂದಲೇ: ಪವರ್ ಸಪ್ಲೈನ ಫಿಲ್ಟರ್ ಕೆಪಾಸಿಟರ್‌ಗಳು ಸೋರಿಸುವ ಅಲ್ಪ ಕರೆಂಟ್ ನೆಲಕ್ಕೆ ಹೋಗಲು ದಾರಿ ಕಾಣದೆ ಕ್ಯಾಬಿನೆಟ್ ಮೇಲೆ ಕೂರುತ್ತದೆ. ಯುಎಸ್‌ಬಿಗೆ ಫೋನ್ ಹಚ್ಚಿ ಟೆಸ್ಟ್ ಮಾಡುವವರಿಗೆ ಇದು ಪೋರ್ಟ್ ಸುಡುವ ದಾರಿಯೂ ಹೌದು. ಅರ್ಥ್ ಗುಂಡಿಗೆ ಬೇಸಿಗೆಯಲ್ಲಿ ನೀರು ಹಾಕಿ ಮತ್ತೆ ಅಳೆಯಿರಿ. ಅದಕ್ಕೂ ಬಗ್ಗದಿದ್ದರೆ ವೈರ್‌ಮನ್ ಕರೆಯಬೇಕು. ಲೈನಿನಲ್ಲಿ ಅಳತೆ ಮಾಡುವುದು ಅಭ್ಯಾಸವಿಲ್ಲದಿದ್ದರೆ ಈ ಅಳತೆಯನ್ನೂ ಅವರಿಂದಲೇ ಮಾಡಿಸಿ.

ಸ್ಟೆಬಿಲೈಸರ್ ಬೇಡ. ಪವರ್ ಸಪ್ಲೈ ಮೇಲಿನ ಚೀಟಿ ಓದಿ: 100–240 ವೋಲ್ಟ್ ಎಂದು ಬರೆದಿರುತ್ತದೆ, ಅಂದರೆ ವೋಲ್ಟೇಜ್ 180ಕ್ಕೆ ಇಳಿದರೂ ಅದು ಸಹಿಸುತ್ತದೆ. ಕೊಲ್ಲುವುದು ಕರೆಂಟ್ ಹೋಗಿ ಬರುವ ಆ ಕ್ಷಣ, ಅದೇ ಲೈನಿನಲ್ಲಿ ಬೋರ್ ಮೋಟರ್ ಸ್ಟಾರ್ಟ್ ಆದಾಗಿನ ಕುಸಿತ. ಅದಕ್ಕೆ ಬೇಕಿರುವುದು 600 ವಿಎ ಲೈನ್ ಇಂಟರಾಕ್ಟಿವ್ ಯುಪಿಎಸ್, ಅಂದರೆ ವೋಲ್ಟೇಜ್ ಏರಿಳಿತವನ್ನೂ ಸ್ವಲ್ಪ ಸರಿಪಡಿಸುವ ಬಗೆಯದು. 600 ವಿಎ ಎಂದರೆ ಸಾಮಾನ್ಯವಾಗಿ 360 ವ್ಯಾಟ್. ಕಾರ್ಡ್ ಇಲ್ಲದ ಟವರ್, ಮಾನಿಟರ್ ಸೇರಿ ಪೂರ್ತಿ ಭಾರದಲ್ಲೂ 150 ವ್ಯಾಟ್ ದಾಟುವುದು ಕಷ್ಟ. ಒಳಗಿರುವುದು ಬಹುತೇಕ 12 ವೋಲ್ಟ್ 7 ಎಎಚ್ ಬ್ಯಾಟರಿ, 84 ವ್ಯಾಟ್ ಅವರ್. ಈ ವೇಗದಲ್ಲಿ ಎಳೆದರೆ ಅದರಲ್ಲಿ ಅರ್ಧ ಕೈಗೆ ಸಿಕ್ಕರೆ ದೊಡ್ಡದು, ಅಂದರೆ ಹೊಸದರಲ್ಲಿ ಹತ್ತು ಹದಿನೈದು ನಿಮಿಷ. ಸೇವ್ ಮಾಡಿ ಶಟ್‌ಡೌನ್ ಮಾಡಲು ಧಾರಾಳ. ಎರಡು ಮೂರು ವರ್ಷಕ್ಕೆ ಆ ಬ್ಯಾಟರಿ ಬದಲಿಸಬೇಕು.

ಒಂದು ಪರೀಕ್ಷೆ ಮರೆಯಬೇಡಿ. ಅಗ್ಗದ ಯುಪಿಎಸ್ ಬ್ಯಾಟರಿಗೆ ಹೋದಾಗ ಕೊಡುವುದು ಮೆಟ್ಟಿಲು ಮೆಟ್ಟಿಲಾದ ತರಂಗ. ಆಫೀಸ್ ಟವರ್‌ಗಳ ಪವರ್ ಸಪ್ಲೈನಲ್ಲಿ ಆಕ್ಟಿವ್ ಪಿಎಫ್‌ಸಿ (ಲೈನಿನಿಂದ ಕರೆಂಟನ್ನು ಸಮನಾಗಿ ಎಳೆಯುವ ಸರ್ಕ್ಯೂಟ್) ಇರುತ್ತದೆ, ಕೆಲವು ಜೋಡಿಗಳು ಒಂದಕ್ಕೊಂದು ಹೊಂದುವುದಿಲ್ಲ, ಬದಲಾವಣೆಯ ಕ್ಷಣಕ್ಕೆ ಯಂತ್ರ ಆರಿಹೋಗುತ್ತದೆ. ಯಾವ ಫೈಲೂ ತೆರೆದಿರದಾಗ ಬ್ಲೆಂಡರ್ ರೆಂಡರ್ ಹಚ್ಚಿ, ಯುಪಿಎಸ್‌ಗೆ ಬರುವ ಸ್ವಿಚ್ ಆರಿಸಿ. ಐದು ಸಲ ಮಾಡಿ, ಐದೂ ಸಲ ಯಂತ್ರ ಆರದೆ ಓಡುತ್ತಲೇ ಇರಬೇಕು. ಮನೆಗೆ ಇನ್ವರ್ಟರ್ ಇರುವವರು ಅದರ ಹಿಂದಿನ ಸ್ವಿಚ್ ಯುಪಿಎಸ್ ಮೋಡ್‌ನಲ್ಲಿದೆಯಾ ನೋಡಿ ಇದೇ ಪರೀಕ್ಷೆ ಮಾಡಬಹುದು. ಬಯಾಸ್‌ನಲ್ಲಿ ಎಸಿ ರಿಕವರಿ (ಕರೆಂಟ್ ಮರಳಿದಾಗ ಯಂತ್ರ ಏನು ಮಾಡಬೇಕು) ಎಂಬುದನ್ನು 'ಪವರ್ ಆಫ್'ಗೆ ಇಡಿ. ಇಲ್ಲದಿದ್ದರೆ ಬೆಸ್ಕಾಂ ಕರೆಂಟ್ ಹತ್ತು ನಿಮಿಷದಲ್ಲಿ ನಾಲ್ಕು ಸಲ ಬಂದು ಹೋದರೆ ಯಂತ್ರವೂ ನಾಲ್ಕು ಸಲ ಎದ್ದು ಬೀಳುತ್ತದೆ, ಎಸ್‌ಎಸ್‌ಡಿಗೆ ಅದು ಒಳ್ಳೆಯದಲ್ಲ.

ಬಿಚ್ಚಿ ತೊಳೆಯುವುದು

ಧೂಳಿನಲ್ಲೂ ಜಾತಿ ಇದೆ. ಚಿತ್ರದುರ್ಗದ ಕಡೆಯದು ಒಣ ಮಣ್ಣು, ಗಾಳಿಗೆ ಹಾರಿ ಬಂದದ್ದು, ಬ್ಲೋವರ್‌ಗೆ ಹಾರಿಯೇ ಹೋಗುತ್ತದೆ. ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿಗಳ ಹತ್ತಿರದ ಮನೆಗಳಲ್ಲಿ ಹೊಗೆಯ ಮಸಿ ಬೆರೆತು ಜಿಡ್ಡಾಗಿ ಕೂರುತ್ತದೆ. ಹೀಟ್‌ಸಿಂಕ್‌ನ ರೆಕ್ಕೆಗಳ ನಡುವೆ ಅದು ಕಂಬಳಿಯ ಹಾಗೆ ಒತ್ತಾಗಿ ಹೆಣೆದಿರುತ್ತದೆ. ಫ್ಯಾನ್ ಬಿಚ್ಚಿದರೆ ಬೂದು ಬಣ್ಣದ ಒಂದು ಪದರ ಇಡಿಯಾಗಿ ಎದ್ದು ಬರುತ್ತದೆ, ಅಡಿಯಲ್ಲಿ ಅಲ್ಯುಮಿನಿಯಂ ಕಂದಾಗಿರುತ್ತದೆ. ಇದಕ್ಕೆ ಬ್ಲೋವರ್ ಸಾಲದು. ಹಳೆ ಟೂತ್‌ಬ್ರಶ್‌ನಿಂದ ರೆಕ್ಕೆಗಳ ಉದ್ದಕ್ಕೆ ಉಜ್ಜಿ, ಆಮೇಲೆ 99 ಶೇಕಡಾ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒರೆಸಬೇಕು. ಬ್ಲೋವರ್ ಹಿಡಿಯುವಾಗ ಫ್ಯಾನ್ ತಿರುಗದಂತೆ ಬೆರಳಿನಿಂದ ಹಿಡಿಯಿರಿ. ಗಾಳಿಯ ರಭಸಕ್ಕೆ ಮಿತಿಮೀರಿ ತಿರುಗಿದರೆ ಬೇರಿಂಗ್ ಕೆಡುತ್ತದೆ.

ಪ್ರೊಸೆಸರ್ ಮೇಲಿನ ಪೇಸ್ಟ್ 2018ರದ್ದೇ ಇರಬಹುದು, ಸುಣ್ಣದ ಹಾಗೆ ಪುಡಿಯಾಗಿರುತ್ತದೆ. ಯಂತ್ರವನ್ನು ಹತ್ತು ನಿಮಿಷ ಓಡಿಸಿ ಬೆಚ್ಚಗಾದ ಮೇಲೆ ಆರಿಸಿ, ವೈರ್ ಕಿತ್ತು, ಹೀಟ್‌ಸಿಂಕ್‌ನ ನಾಲ್ಕು ಸ್ಕ್ರೂಗಳನ್ನು ಎದುರುಬದುರು ಮೂಲೆಯ ಕ್ರಮದಲ್ಲಿ ಸ್ವಲ್ಪ ಸ್ವಲ್ಪವೇ ಸಡಿಲಿಸಿ. ಒಂದೇ ಮೂಲೆ ಪೂರ್ತಿ ಬಿಚ್ಚಿದರೆ ಬೋರ್ಡ್ ಬಾಗುತ್ತದೆ. ಹಳೆಯದನ್ನು ಒರೆಸಿ, ಬಟಾಣಿ ಕಾಳಿನಷ್ಟು ಹೊಸ ಪೇಸ್ಟ್ ನಡುವೆ ಇಟ್ಟು ಅದೇ ಕ್ರಮದಲ್ಲಿ ಬಿಗಿ ಮಾಡಿ. ಬೆರಳಿನಿಂದ ಸವರುವುದು ಬೇಡ, ಒತ್ತಡಕ್ಕೆ ತಾನೇ ಹರಡುತ್ತದೆ. ಫ್ಯಾನ್‌ನ ವೈರ್ ಮತ್ತೆ ಸಿಕ್ಕಿಸಲು ಮರೆತರೆ ಡೆಲ್ ಆನ್ ಮಾಡಿದಾಗ ಎಚ್ಚರಿಕೆ ಕೊಟ್ಟು ನಿಲ್ಲುತ್ತದೆ. ಬಯಾಸ್ ಬ್ಯಾಟರಿ ಸಿಆರ್2032 ಇದೇ ಹೊತ್ತಿಗೆ ಬದಲಿಸಿಬಿಡಿ. ಗಡಿಯಾರ ಹಿಂದೆ ಬಿದ್ದರೆ ಇಂಟರ್ನೆಟ್ ಇದ್ದರೂ ವೆಬ್‌ಸೈಟ್‌ಗಳು ಸರ್ಟಿಫಿಕೇಟ್ ತಪ್ಪು ಎನ್ನುತ್ತವೆ, ಕಾರಣ ಹುಡುಕುತ್ತಾ ಒಂದು ದಿನ ಹೋಗುತ್ತದೆ.

ತಾಪಮಾನದ ಲೆಕ್ಕ ಸರಳ. ಕೋಣೆ 25 ಡಿಗ್ರಿ ಇದ್ದಾಗ ಪೂರ್ತಿ ಭಾರದಲ್ಲಿ ಪ್ರೊಸೆಸರ್ 65 ತೋರಿಸಿದರೆ, ಏಪ್ರಿಲ್‌ನಲ್ಲಿ ಕೋಣೆ 38 ಆದಾಗ ಅದು 78 ಆಸುಪಾಸು ಬರುತ್ತದೆ. ಐ5-8500 ತನ್ನನ್ನು ತಾನೇ ನಿಧಾನ ಮಾಡಿಕೊಳ್ಳುವುದು 100 ಡಿಗ್ರಿಗೆ. ಜನವರಿಯಲ್ಲೇ 85 ಮುಟ್ಟುತ್ತಿದ್ದರೆ ಬೇಸಿಗೆಗೆ ಮುಂಚೆ ಪೇಸ್ಟ್ ಮತ್ತೆ ಹಾಕಿ. ಟವರನ್ನು ನೆಲದಿಂದ ಒಂದಡಿ ಮೇಲಿಡಿ, ಹಿಂದೆ ಗೋಡೆಗೆ ಗೇಣು ಜಾಗ ಬಿಡಿ.

ರ‍್ಯಾಮ್, ಎಸ್‌ಎಸ್‌ಡಿ

16 ಜಿಬಿ ಒಂದೇ ಕಡ್ಡಿಯಲ್ಲಿ ಬೇಡ, 8+8 ಇರಲಿ. ಕಾರ್ಡ್ ಇಲ್ಲದ ಯಂತ್ರದಲ್ಲಿ ಪ್ರೊಸೆಸರ್‌ನೊಳಗಿನ ಯುಎಚ್‌ಡಿ 630 ಗ್ರಾಫಿಕ್ಸ್ ಇದೇ ರ‍್ಯಾಮನ್ನೇ ಬಳಸುತ್ತದೆ. ಡಿಡಿಆರ್4-2666 ಒಂದು ಕಡ್ಡಿಯ ಹರಿವು ಸೆಕೆಂಡಿಗೆ 21.3 ಜಿಬಿ, ಎರಡು ಚಾನೆಲ್‌ನಲ್ಲಿ 42.6. ಸೀನ್ ತಿರುಗಿಸುವಾಗ ತಡವರಿಸುವುದಕ್ಕೂ ನುಣ್ಣಗೆ ಓಡುವುದಕ್ಕೂ ಬಹುಪಾಲು ಕಾರಣ ಇದೇ. ಹಾಕಿದ ಮೇಲೆ ಬಯಾಸ್‌ನ ಮೆಮೊರಿ ಪುಟದಲ್ಲಿ ಡ್ಯುಯಲ್ ಚಾನೆಲ್ ಎಂದು ಬಂದಿದೆಯಾ ನೋಡಿ. ಇಲ್ಲದಿದ್ದರೆ ಕಡ್ಡಿ ತಪ್ಪು ಸ್ಲಾಟ್‌ನಲ್ಲಿದೆ. ರಾತ್ರಿ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ನಾಲ್ಕು ಸುತ್ತು ಓಡಿಸಿ. ಒಂದೇ ಒಂದು ತಪ್ಪು ಬಂದರೂ ಆ ಕಡ್ಡಿ ವಾಪಸ್. ಕೆಟ್ಟ ರ‍್ಯಾಮ್ ಯಂತ್ರವನ್ನು ನಿಲ್ಲಿಸುವುದಕ್ಕಿಂತ ಹೆಚ್ಚಾಗಿ ಸೇವ್ ಆಗುವ ಸೀನ್ ಫೈಲನ್ನೇ ಹಾಳುಮಾಡುತ್ತದೆ, ಅದು ಗೊತ್ತಾಗುವುದು ವಾರ ಕಳೆದ ಮೇಲೆ.

ಎಸ್‌ಎಸ್‌ಡಿ 500 ಜಿಬಿ ಎನ್‌ವಿಎಂಇ, ಬೋರ್ಡ್‌ನ ಎಂ.2 ಸ್ಲಾಟ್‌ಗೆ. ಆಫೀಸ್ ಯಂತ್ರಗಳಲ್ಲಿ ಆ ಸಣ್ಣ ಎಂ2 ಸ್ಕ್ರೂ ಹಲವು ಸಲ ಇರುವುದೇ ಇಲ್ಲ. ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೇಳಿ, ಟೇಪ್ ಹಚ್ಚಿ ಬಿಡಬೇಡಿ. ಬಿಸಿಗೆ ಟೇಪ್ ಬಿಟ್ಟು ಎಸ್‌ಎಸ್‌ಡಿ ಮೇಲೆದ್ದರೆ ಡಿಸ್ಕ್ ಆಗಾಗ ಮಾಯವಾಗುತ್ತದೆ.

ಇನ್‌ಸ್ಟಾಲರ್‌ಗೆ ಎಸ್‌ಎಸ್‌ಡಿ ಕಾಣದಿದ್ದರೆ ಅದು ಕೆಟ್ಟಿದೆ ಅಂದುಕೊಳ್ಳುವ ಮುಂಚೆ ಬಯಾಸ್‌ನ ಸಾಟಾ ಆಪರೇಷನ್ (ಡಿಸ್ಕ್‌ಗಳ ಜೊತೆ ಬೋರ್ಡ್ ಮಾತಾಡುವ ರೀತಿ) ನೋಡಿ. ಡೆಲ್‌ಗಳು ಹಲವು ಬಾರಿ 'ರೇಡ್ ಆನ್' ಆಗಿ ಬರುತ್ತವೆ, ಆಗ ಲಿನಕ್ಸ್‌ಗೆ ಎನ್‌ವಿಎಂಇ ಕಾಣುವುದಿಲ್ಲ. ಎಎಚ್‌ಸಿಐಗೆ ಬದಲಿಸಿ. ಆದರೆ ವಿಂಡೋಸ್ ಈಗಾಗಲೇ ರೇಡ್‌ನಲ್ಲಿ ಕೂತಿದ್ದರೆ ನೇರ ಬದಲಿಸಿದ ಕೂಡಲೇ ನೀಲಿ ಪರದೆ ಬರುತ್ತದೆ. ಮೊದಲು ಸೇಫ್ ಮೋಡ್‌ನಲ್ಲಿ ಬೂಟ್ ಆಗುವಂತೆ ಹೊಂದಿಸಿ, ರೀಸ್ಟಾರ್ಟ್‌ನಲ್ಲಿ ಬಯಾಸ್ ಬದಲಿಸಿ, ಸೇಫ್ ಮೋಡ್‌ಗೆ ಒಮ್ಮೆ ಹೋಗಿ ಬಂದು, ಆ ಹೊಂದಿಕೆ ತೆಗೆದರೆ ಸರಿ.

ಹಿಂದೆ ಇರುವುದು ಡಿಸ್‌ಪ್ಲೇಪೋರ್ಟ್. ಎಚ್‌ಡಿಎಂಐ ಮಾನಿಟರ್‌ಗೆ ಡಿಸ್‌ಪ್ಲೇಪೋರ್ಟ್‌ನಿಂದ ಎಚ್‌ಡಿಎಂಐಗೆ ಹೋಗುವ ಸಾದಾ ಕೇಬಲ್ ಸಾಕು. ಹಳೆ ವಿಜಿಎ ಮಾನಿಟರ್ ಆದರೆ ಆಕ್ಟಿವ್ ಅಡಾಪ್ಟರ್ ಬೇಕು.

ಕಾರ್ಡ್: ಬೇಕಾ, ಬೇಡವಾ

ಇಷ್ಟರಲ್ಲೇ ಗೋಡೋ ಹಾಕಿ ಒಂದು ತಿಂಗಳು ಕೆಲಸ ಮಾಡಿ ನೋಡುವುದು ನಮ್ಮ ಸಲಹೆ. ಹೊಸ ಪ್ರಾಜೆಕ್ಟ್‌ನಲ್ಲಿ ರೆಂಡರರ್ (ಚಿತ್ರ ಬಿಡಿಸುವ ವಿಧಾನ) 'ಕಂಪ್ಯಾಟಿಬಿಲಿಟಿ' ಆರಿಸಿ. 2ಡಿ ಆಟ, ಕಡಿಮೆ ಪಾಲಿಗನ್‌ನ 3ಡಿ ಎರಡಕ್ಕೂ ಯುಎಚ್‌ಡಿ 630 ನಡೆಯುತ್ತದೆ. ಭಾರವಾದ 'ಫಾರ್ವರ್ಡ್+' ಕೂಡ ತೆರೆಯುತ್ತದೆ, ಆದರೆ ನೆರಳು, ಮಂಜು ಸೇರಿಸಿದ ಕೂಡಲೇ, ಸೆಕೆಂಡಿಗೆ 60 ಫ್ರೇಮ್ ಲೆಕ್ಕದಲ್ಲಿ ಒಂದು ಫ್ರೇಮ್‌ಗೆ ಇರುವ 16.67 ಮಿಲಿಸೆಕೆಂಡ್ ಮೀರುತ್ತದೆ. ಆಡುವವರಲ್ಲಿ ಬಹಳ ಮಂದಿಯ ಕೈಯಲ್ಲಿರುವುದು ಅಗ್ಗದ ಆಂಡ್ರಾಯ್ಡ್ ಫೋನ್. ನಿಮ್ಮ ಯಂತ್ರ ಸ್ವಲ್ಪ ಸೊರಗಿದ್ದರೆ ಅವರ ಕಷ್ಟ ನಿಮಗೆ ಬೇಗ ಕಾಣುತ್ತದೆ.

ಕಾರ್ಡ್‌ನ ಮೆಮೊರಿ ಎಷ್ಟು ಬೇಕೆಂದು ಟೆಕ್ಸ್‌ಚರ್‌ನಿಂದ (ಮಾದರಿಯ ಮೈಮೇಲೆ ಹೊದಿಸುವ ಚಿತ್ರ) ಲೆಕ್ಕ ಹಾಕಿ. 2048×2048ರ ಒಂದು ಚಿತ್ರ, ಪಿಕ್ಸೆಲ್‌ಗೆ ನಾಲ್ಕು ಬೈಟ್: 16 ಎಂಬಿ. ಮಿಪ್‌ಮ್ಯಾಪ್ (ದೂರದಿಂದ ಕಾಣುವಾಗ ಬಳಸುವ ಸಣ್ಣ ನಕಲುಗಳು) ಸೇರಿ ಮೂರನೇ ಒಂದು ಭಾಗ ಹೆಚ್ಚು, ಸುಮಾರು 21. ಅದನ್ನೇ 4096 ಮಾಡಿದರೆ ನಾಲ್ಕು ಪಟ್ಟು, 85 ಎಂಬಿ. ಒಂದು ಪಾತ್ರಕ್ಕೆ ಬಣ್ಣ, ನಾರ್ಮಲ್ (ಉಬ್ಬುತಗ್ಗು), ರಫ್‌ನೆಸ್ (ಒರಟುತನ) ಎಂದು ಮೂರು ಚಿತ್ರ ಇದ್ದರೆ 255. ಗೋಡೋದ ಇಂಪೋರ್ಟ್ ಪುಟದಲ್ಲಿ 'ವಿರ‍್ಯಾಮ್ ಕಂಪ್ರೆಸ್ಡ್' ಆರಿಸಿ ರೀಇಂಪೋರ್ಟ್ ಮಾಡಿದರೆ ಪಿಕ್ಸೆಲ್‌ಗೆ ಒಂದು ಬೈಟ್ ಅಥವಾ ಅರ್ಧ ಬೈಟ್ ಸಾಕು, ಅಂದರೆ ಇದೆಲ್ಲ ನಾಲ್ಕನೇ ಒಂದು, ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಪಿಕ್ಸೆಲ್ ಆರ್ಟ್‌ಗೆ ಮಾತ್ರ ಇದನ್ನು ಹಾಕಬೇಡಿ, ಅಂಚುಗಳು ಕೊಳೆಯಾಗುತ್ತವೆ. ಈ ಲೆಕ್ಕ ಬಂದವರಿಗೆ 4 ಜಿಬಿಯ ಕಾರ್ಡ್ ಬಹಳ ದೂರ ಬರುತ್ತದೆ.

ತೆಗೆದುಕೊಳ್ಳುವುದೇ ಆದರೆ ಜಿಟಿಎಕ್ಸ್ 1650, 4 ಜಿಬಿ, ಹೆಚ್ಚುವರಿ ಪವರ್ ಪಿನ್ ಇಲ್ಲದ ಮಾದರಿ. ಪಿಸಿಐಇ ಸ್ಲಾಟ್ ಕೊಡುವುದೇ 75 ವ್ಯಾಟ್, ಈ ಕಾರ್ಡ್ ಉಣ್ಣುವುದೂ 75. ಇದೇ ಹೆಸರಿನಲ್ಲಿ ಆರು ಪಿನ್ ಬೇಕಾದವೂ ಇವೆ, ಕೊಳ್ಳುವಾಗ ಕಾರ್ಡ್‌ನ ಅಂಚು ತಿರುಗಿಸಿ ನೋಡಿ. ಪ್ರೊಸೆಸರ್ 65, ಕಾರ್ಡ್ 75, ಬೋರ್ಡ್, ಫ್ಯಾನ್, ಡಿಸ್ಕ್‌ಗಳಿಗೆ 40: ಒಟ್ಟು 180. ಟವರ್‌ನ ಪವರ್ ಸಪ್ಲೈ ಚೀಟಿಯಲ್ಲಿ 240ಕ್ಕಿಂತ ಹೆಚ್ಚು ಇದ್ದರೆ ಟರ್ಬೊ ಏರಿದಾಗಲೂ ಉಸಿರಾಟಕ್ಕೆ ಜಾಗ ಇದೆ.

ದೊಡ್ಡ ಕಾರ್ಡ್ ತಂದು ಪವರ್ ಸಪ್ಲೈ ಬದಲಿಸೋಣ ಎನ್ನುವವರು ಇಲ್ಲೇ ಎಡವುತ್ತಾರೆ. ಆಪ್ಟಿಪ್ಲೆಕ್ಸ್ ಬೋರ್ಡ್‌ಗೆ ಬರುವುದು ಎಲ್ಲರ 24 ಪಿನ್ ಅಲ್ಲ, ಡೆಲ್‌ನದೇ ಸಣ್ಣ ಕನೆಕ್ಟರ್. ಡಿಸ್ಕ್‌ಗಳಿಗೆ ಪವರ್ ಬೋರ್ಡ್‌ನಿಂದಲೇ ಹೋಗುತ್ತದೆ. ಪೇಟೆಯ ಸಪ್ಲೈ ನೇರ ಕೂರುವುದಿಲ್ಲ. ಪರಿವರ್ತಕ ಕೇಬಲ್ ಸಿಗುತ್ತವೆ, ಆದರೆ ಪಿನ್ ಕ್ರಮ ಮಾದರಿಯಿಂದ ಮಾದರಿಗೆ ಬೇರೆ, ತಪ್ಪಿದರೆ ಬೋರ್ಡೇ ಹೋಗುತ್ತದೆ. ಸಾಟಾ ಪವರ್‌ನಿಂದ ಆರು ಪಿನ್ ಮಾಡುವ ಕೇಬಲ್ ಇನ್ನೂ ಅಪಾಯ: ಸಾಟಾದ 12 ವೋಲ್ಟ್ ಪಿನ್‌ಗಳು ತಾಳುವುದು 54 ವ್ಯಾಟ್, ಆರು ಪಿನ್ ಎಳೆಯಬಹುದಾದದ್ದು 75. ಕರಗಿ ಹೋಗುತ್ತದೆ.

1050 ಟಿಐ ಅಗ್ಗಕ್ಕೆ ಸಿಗುತ್ತದೆ, ಆದರೆ ಆ ಪ್ಯಾಸ್ಕಲ್ ತಲೆಮಾರಿಗೆ ಎನ್‌ವಿಡಿಯಾ ಈಗ ಕೊಡುವುದು ಭದ್ರತಾ ಅಪ್‌ಡೇಟ್ ಮಾತ್ರ. ಆ ಹೆಸರಿನಲ್ಲಿ ನಕಲಿಗಳೂ ಇವೆ: ಹಳೆ ಜಿಟಿಎಸ್ 450 ಚಿಪ್‌ಗೆ ಸುಳ್ಳು ಬಯಾಸ್ ತುಂಬಿದವು. ಜಿಪಿಯು-ಝಡ್ ತೆರೆದರೆ ಹೆಸರಿನ ಮುಂದೆ 'ಫೇಕ್' ಎಂದೇ ತೋರಿಸುತ್ತದೆ. ಆರ್‌ಎಕ್ಸ್ 6400 ಈ ಟವರ್‌ಗೆ ಸರಿಹೊಂದದು. ಅದಕ್ಕಿರುವುದು ನಾಲ್ಕೇ ಲೇನ್ (ಬೋರ್ಡ್‌ನೊಂದಿಗೆ ಡೇಟಾ ಸಾಗುವ ಜಾಡು), ಪಿಸಿಐಇ 3.0 ಬೋರ್ಡ್‌ನಲ್ಲಿ ಆ ನಾಲ್ಕೂ ಅರ್ಧ ವೇಗಕ್ಕೆ ಇಳಿಯುತ್ತವೆ. ವಿಡಿಯೋ ಎನ್‌ಕೋಡರ್ ಸಹ ಇಲ್ಲ, ಗೇಮ್‌ನ ಟ್ರೈಲರ್ ರೆಕಾರ್ಡ್ ಮಾಡುವ ದಿನ ಅದು ನೆನಪಾಗುತ್ತದೆ.

ಕಾರ್ಡ್ ಹಾಕಿದ ಮೇಲೆ ಮಾನಿಟರ್ ಕೇಬಲನ್ನು ಕಾರ್ಡ್‌ಗೇ ಸಿಕ್ಕಿಸಿ. ಬೋರ್ಡ್‌ನ ಪೋರ್ಟ್‌ನಲ್ಲೇ ಬಿಟ್ಟು "ಕಾರ್ಡ್ ಕೆಟ್ಟಿದೆ" ಎಂದು ವಾಪಸ್ ಒಯ್ಯುವವರು ಬಹಳ.

ಮೊದಲ ಎಕ್ಸ್‌ಪೋರ್ಟ್

ಗೇಮನ್ನು ಆಂಡ್ರಾಯ್ಡ್ ಆ್ಯಪ್ ಆಗಿ ಹೊರತರಲು ಓಪನ್‌ಜೆಡಿಕೆ 17, ಆಂಡ್ರಾಯ್ಡ್ ಎಸ್‌ಡಿಕೆ ಎರಡೂ ಬೇಕು. ಗೋಡೋದ ಎಡಿಟರ್ ಸೆಟ್ಟಿಂಗ್ಸ್‌ನಲ್ಲಿ ಇವುಗಳ ದಾರಿ ತೋರಿಸಿ, ಎಕ್ಸ್‌ಪೋರ್ಟ್ ಟೆಂಪ್ಲೇಟ್ ಇಳಿಸಿಕೊಳ್ಳಿ. ಟೆಂಪ್ಲೇಟ್ ಆವೃತ್ತಿ ಎಡಿಟರ್‌ನದ್ದಕ್ಕೆ ಅಂಕಿ ಅಂಕಿಯೂ ಹೊಂದಬೇಕು. ಫೋನ್‌ನಲ್ಲಿ ಯುಎಸ್‌ಬಿ ಡೀಬಗಿಂಗ್ ಆನ್ ಮಾಡಿ ಹಚ್ಚಿದರೆ ಎಡಿಟರ್‌ನ ಮೇಲ್ಭಾಗದಲ್ಲಿ ನೇರ ಕಳಿಸುವ ಗುಂಡಿ ಬರುತ್ತದೆ. ಪ್ರಾಜೆಕ್ಟನ್ನು ಗಿಟ್‌ನಲ್ಲಿ (ಬದಲಾವಣೆಗಳ ಇತಿಹಾಸ ಇಡುವ ಸಾಫ್ಟ್‌ವೇರ್) ಇಡುವಾಗ ಚುಕ್ಕೆಯಿಂದ ಶುರುವಾಗುವ ಗೋಡೋ ಫೋಲ್ಡರ್ ಬಿಡಿ, ಅದು ಮತ್ತೆ ತಾನಾಗಿ ಹುಟ್ಟುತ್ತದೆ. ಸೈನಿಂಗ್ ಕೀ ಇರುವ ರಿಲೀಸ್ ಕೀಸ್ಟೋರ್ ಫೈಲ್ ಮಾತ್ರ ಎರಡು ಪೆನ್‌ಡ್ರೈವ್‌ನಲ್ಲಿ, ಎರಡು ಬೇರೆ ಜಾಗದಲ್ಲಿ ಇಡಿ.

ಕನ್ನಡದ ಆಟ ಆದರೆ ಗೋಡೋ 4ರ ಡೀಫಾಲ್ಟ್ ಫಾಂಟ್ ನಂಬಬೇಡಿ, ನೋಟೋ ಸ್ಯಾನ್ಸ್ ಕನ್ನಡ ಪ್ರಾಜೆಕ್ಟ್‌ಗೆ ಸೇರಿಸಿ. ಒಂದು ಲೇಬಲ್‌ನಲ್ಲಿ 'ಕ್ಷೇತ್ರ', 'ಸೂರ್ಯ', 'ಸ್ತ್ರೀ' ಎಂದು ಬರೆದು ಫೋನ್‌ನಲ್ಲಿ ನೋಡಿ. ಗೋಡೋ 4ರಲ್ಲಿ ಒತ್ತಕ್ಷರ, ಅರ್ಕಾವತ್ತು ತಮ್ಮ ಜಾಗದಲ್ಲೇ ಕೂರುತ್ತವೆ. ಎಡಿಟರ್‌ನಲ್ಲಿ ಸರಿ ಇದ್ದು ಫೋನ್‌ನಲ್ಲಿ ಅಕ್ಷರದ ಬದಲು ಚೌಕ ಬಂದರೆ, ಎಡಿಟರ್ ನಿಮ್ಮ ಕಂಪ್ಯೂಟರಿನ ಫಾಂಟ್ ಎರವಲು ಪಡೆದಿತ್ತು ಎಂದರ್ಥ. ಆ ಲೇಬಲ್‌ಗೆ ಫಾಂಟ್ ಫೈಲ್ ಕೈಯಾರೆ ಹಚ್ಚಿ ಮತ್ತೆ ಕಳಿಸಿ.